ಅವ್ವ ಕುಂಕುಮವಿಟ್ಟ ಕೌಂಟರು

ಸೊಪ್ಪು ಸೋಸುತ್ತಾ ಕೂತಿದ್ದೆ. ಕೀರೆ, ದಂಟು, ಅಣ್ಣೆ ಎಲ್ಲ ಬೆರೆತ ಬೆರಕೆ ಸೊಪ್ಪನ್ನು ಅಜ್ಜಿ ಗದ್ದೆ ಬದುವಿನಿಂದ ಕಿತ್ತು, ಮಡಿಲಲ್ಲಿ ತಂದು ಮೊರಕ್ಕೆ ಸುರಿದಿದ್ದಳು. ಹುಳ ತಿಂದ ಎಲೆ ಒಂದು ಕಡೆ, ಕುಡಿ ಇನ್ನೊಂದು ಕಡೆ, ಬಲಿತ ದಂಟು ಹಸುವಿಗೆ. ಭಾನುವಾರವಾದರೆ ನಮ್ಮ ಮನೆಯಲ್ಲಿ ಬಸ್ಸಾರು. ಆಯುಧಪೂಜೆ ಮುಗಿದು ಬಾಗಿಲಿನ ಮಾವಿನ ಸೊಪ್ಪು ಇನ್ನೂ ಒಣಗುತ್ತಾ ನೇತಾಡುತ್ತಿತ್ತು. ಆ ಹೊತ್ತಿಗೆ ಮಂಡ್ಯದ ಸದಾಶಿವ ಮಾಮ ಬಂದು ಬಾಗಿಲಲ್ಲಿ ನಿಂತರು. ಅವರು ಅಪ್ಪನ ರೇಡಿಯೋ ಗೆಳೆಯರು, ಬ್ಯಾಂಕಿನಲ್ಲಿ ಗುಮಾಸ್ತರು. ಮಂಡ್ಯದಿಂದ ಮಳವಳ್ಳಿಗೆ ಬಸ್ಸಿನಲ್ಲಿ ಬಂದವರು ಮಾಮೂಲಿನಂತೆ ಕಾಲು ತೊಳೆಯಲಿಲ್ಲ, ಅವ್ವ ತಂದ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಪ್ಪನ ಮುಂದೆ ಕೂತರು.

"ನಂಜುಂಡ, ನೀನು ಗಡಿ ದಾಟಿದೀಯ ಕಣಯ್ಯ. ಹಬ್ಬ ಆದಾಗಿಂದ ಕೇಳ್ತಾ ಇದೀನಿ. ಬ್ಯಾಂಡಿಂದ ಕೆಳಗಡೆ ಅದೆ ನಿನ್ನ ಸಿಗ್ನಲ್ಲು."

"ಇಲ್ಲ ಕಣಯ್ಯ. ಕೌಂಟರ್ ನೋಡ್ಕೊಂಡೇ ಕೀ ಒತ್ತೋದು ನಾನು. ಒಳಗೇ ಅವ್ನಿ."

"ಅಂಗಾರೆ ನಿನ್ನ ಕೌಂಟರೇ ಸುಳ್ಳು ಹೇಳ್ತಾ ಅದೆ."

ಅಜ್ಜಿ ಒಳಗಿನಿಂದಲೇ ಕೇಳಿದಳು.

"ಅಲ್ಲಾ ಸದಾಸಿವ, ದಿನಾ ಗಾಳೀಲೇ ಮಾತಾಡ್ತೀರಲ್ಲ, ಇದ್ನೂ ಗಾಳೀಲೇ ಯೋಳೋದ್ ಬುಟ್ಟು ಬಸ್ ಚಾರ್ಜ್ ಯಾಕ್ಲಾ ದಂಡ ಮಾಡ್ಕಂಡ್ ಬಂದೆ?"

"ಗಾಳೀಲಿ ಹೇಳಿದ್ರೆ ದೇಶವೆಲ್ಲ ಕೇಳ್ತದೆ ಅಜ್ಜಿ. ಇವನ ಮರ್ಯಾದೆ ಮಾತು ಇದು. ಎದುರಿಗೇ ಹೇಳಬೇಕು."

ಈಗ ನಾನು ಮದ್ದೂರಿನಲ್ಲಿ ನನ್ನದೇ ಸಂಸಾರ ಮಾಡಿ ಮೊಮ್ಮಕ್ಕಳನ್ನು ಕಂಡ ಮೇಲೂ, ಒಬ್ಬರ ತಪ್ಪನ್ನು ಅವರಿಗೆ ಹೇಳುವುದಿದ್ದರೆ ಆ ದಿನದ ಸದಾಶಿವ ಮಾಮನ ಬೆವರಿದ ಷರಟು ನೆನಪಾಗುತ್ತದೆ. ಫೋನಿನಲ್ಲಿ ಹತ್ತು ಜನರ ಮುಂದೆ ಬರೆದು ಹಾಕುವ ಕಾಲ ಇದು. ಒಂದು ಮಾತಿಗಾಗಿ ಬಸ್ಸು ಹತ್ತಿ ಬರುವ ಗೆಳೆಯ ಅಪ್ಪನಿಗೆ ಇದ್ದರು ಎನ್ನುವುದು ದೇವರು ನಮ್ಮ ಮನೆಗೆ ಕೊಟ್ಟ ಸಣ್ಣ ಕೃಪೆಗಳಲ್ಲಿ ಒಂದು.

ಅಪ್ಪನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾನು ಹುಟ್ಟುವ ಮೊದಲು ಅವರು ಕರೆಂಟಿನವರ ಲೈನ್‌ಮ್ಯಾನ್. ಮಳೆಗಾಲದಲ್ಲಿ ಒಂದು ದಿನ ಕಂಬದಿಂದ ಬಿದ್ದು ಸೊಂಟ ಮುರಿಯಿತು. ಜೀವ ಉಳಿಯಿತು, ಕಾಲು ಸರಿಯಾಗಲಿಲ್ಲ. ಇಲಾಖೆಯವರು ಕೆಲಸದಿಂದ ತೆಗೆಯದೆ, ಆಫೀಸಿನಲ್ಲಿ ಕೂತು ದೂರು ಬರೆದುಕೊಳ್ಳುವ ಕೆಲಸ ಕೊಟ್ಟರು. ಬೆಳಗಿನಿಂದ ಸಂಜೆಯವರೆಗೆ ಜನ ಫೋನು ಮಾಡಿ ಬೈಯುವುದು, ಅಪ್ಪ ಕೇಳಿಸಿಕೊಳ್ಳುವುದು. ಕೋಲು ಊರಿಕೊಂಡು ಮನೆಗೆ ಬಂದರೆ ಮತ್ತೆ ಹೊರಗೆ ಹೋಗುವುದು ಕಷ್ಟ. ಮದುವೆ, ಮುಂಜಿ, ನೆಂಟರ ಮನೆ ಎಲ್ಲ ನಿಂತುಹೋಗಿತ್ತು. ಆಗ ಅವರಿಗೆ ಸಿಕ್ಕಿದ್ದು ಹವ್ಯಾಸಿ ರೇಡಿಯೋ. ಪರೀಕ್ಷೆ ಕಟ್ಟಿ, ಲೈಸೆನ್ಸು ಪಡೆದು, ಮನೆಯಲ್ಲೇ ಸೆಟ್ಟು ಕಟ್ಟಿದರು. ಸಂಜೆ ದೀಪ ಹಚ್ಚಿದ ಮೇಲೆ, ತಂತಿ ಕಚೇರಿಯವರಂತೆ ಕೀ ಮೇಲೆ ಬೆರಳಿಟ್ಟು ಕಟ್ಟ ಕಡ ಎಂದು ಒತ್ತುತ್ತಾ ಕೂತರೆ, ಅತ್ತ ಕೊಚ್ಚಿ, ಇತ್ತ ಕಲಕತ್ತೆ, ಒಮ್ಮೊಮ್ಮೆ ಹೆಸರೇ ಕೇಳದ ದ್ವೀಪದ ಮೀನುಗಾರ. "ಇಲ್ಲಿ ಒಬ್ರೂ ಬೈಯಾಕಿಲ್ಲ, ಬರೀ ಮಳೆ ಬಂತಾ, ಊಟ ಆಯ್ತಾ ಅಂತ ಕೇಳ್ತಾರೆ" ಎಂದು ಅಪ್ಪ ನಗುತ್ತಿದ್ದರು. ನಾವು ಊರು ಸುತ್ತುವುದು ಕಾಲಲ್ಲಿ, ಅವರು ಸುತ್ತುತ್ತಿದ್ದುದು ಆ ಕೀಯಲ್ಲಿ. ಅದು ನಿಂತರೆ ಅಪ್ಪನಿಗೆ ಹೊಸಿಲ ಆಚೆ ಏನೂ ಇರಲಿಲ್ಲ.

ಅವರ ಕೋಣೆ ಮೊದಲು ರಾಗಿ ಇಡುವ ಕೋಣೆಯಾಗಿತ್ತು. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಬೇಸಿಗೆಯಲ್ಲೂ ತಂಪು. ರಾಗಿಯ ವಾಸನೆಗೆ ಬೆಸುಗೆ ಹಾಕುವ ರಾಳದ ಹೊಗೆ ಸೇರಿ ಒಂದು ವಾಸನೆ ಇತ್ತು, ಅಂಥದ್ದು ಇನ್ನೆಲ್ಲೂ ಬರಲಿಲ್ಲ. ಗೋಡೆಯ ಆಚೆ ಬದಿಗೇ ನಮ್ಮ ದೇವರ ಮೂಲೆ. ಈಚೆ ಅಪ್ಪ ಕೀ ಒತ್ತುವುದು, ಆಚೆ ಅವ್ವ ಗಂಟೆ ಅಲ್ಲಾಡಿಸುವುದು, ಸಂಜೆ ಎರಡೂ ಒಟ್ಟಿಗೆ ಕೇಳುತ್ತಿತ್ತು. ಅಪ್ಪನ ಮೇಜಿನ ಮೇಲೆ ಎಲ್ಲಕ್ಕಿಂತ ಮುದ್ದಿನದು ಆ ಕೌಂಟರು. ಬೆಂಗಳೂರಿನಿಂದ ಬಿಡಿ ಸಾಮಾನು ತರಿಸಿ, ಬಿಸ್ಕತ್ತಿನ ತಗಡು ಕತ್ತರಿಸಿ ಪೆಟ್ಟಿಗೆ ಮಾಡಿ ಅವರೇ ಕಟ್ಟಿದ್ದು. ಸೆಟ್ಟಿನಿಂದ ಹೊರಡುವ ಅಲೆ ಒಂದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ ಕೆಂಪು ಅಂಕಿಗಳಲ್ಲಿ ತೋರಿಸುವುದು ಅದರ ಕೆಲಸ. ಅಪ್ಪ ನನಗೆ ಅದನ್ನು ಜಮೀನಿನ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರು. ಸರ್ಕಾರ ಹವ್ಯಾಸಿಗಳಿಗೆ ಆಕಾಶದಲ್ಲಿ ಒಂದು ಪಟ್ಟೆ ಬಿಟ್ಟುಕೊಟ್ಟಿದೆ, ಆ ಪಟ್ಟೆಗೆ ಬದು ಇದೆ, ಬದುವಿನ ಈಚೆ ಎಷ್ಟು ಬೇಕಾದರೂ ಉಳು, ಆಚೆಗೆ ನೇಗಿಲು ಹೋಗಬಾರದು. ಬದು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕೌಂಟರೇ ಹೇಳಬೇಕು. ತಾನೇ ಕಟ್ಟಿದ ಕೌಂಟರಿನ ಮೇಲೆ ಅಪ್ಪನಿಗೆ ಎಷ್ಟು ನಂಬಿಕೆ ಎಂದರೆ, ಬೇರೆಯವರು ಬದುವಿನಿಂದ ಮಾರು ದೂರ ನಿಂತರೆ ಇವರು ಬದುವಿಗೆ ನೇಗಿಲು ತಾಗಿಸಿಕೊಂಡೇ ಉಳುತ್ತಿದ್ದರು. ಅಲ್ಲಿ ಗದ್ದಲ ಕಮ್ಮಿ, ದೂರದವರು ಚೆನ್ನಾಗಿ ಕೇಳುತ್ತಾರಂತೆ.

ಅದೇ ತಿಂಗಳು ಲೈಸೆನ್ಸು ನವೀಕರಣಕ್ಕೆ ವೈರ್‌ಲೆಸ್ ಇಲಾಖೆಯವರು ಬಂದು ಸೆಟ್ಟು ನೋಡುವುದಿತ್ತು. ಬದು ದಾಟಿದ್ದು ಅವರ ಕೈಗೆ ಸಿಕ್ಕಿದರೆ ಸೆಟ್ಟಿಗೆ ಸೀಲು, ಲೈಸೆನ್ಸು ರದ್ದು. ಸದಾಶಿವ ಮಾಮ ಅದನ್ನೂ ಹೇಳಿದರು.

"ಅದು ಸರಿ ಹೋಗೋವರೆಗೂ ಕೀ ಮುಟ್ಟಬೇಡ ನೀನು."

ಅಪ್ಪ ಆಗಲೇ ಕೌಂಟರಿನ ಮುಚ್ಚಳದ ಸ್ಕ್ರೂ ಬಿಚ್ಚುತ್ತಿದ್ದರು. ನಾನು ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ, ಅಜ್ಜಿ ನನ್ನ ಹಿಂದೆ. ಪೆಟ್ಟಿಗೆಯ ಮುಖದ ಮೇಲೆ, ಅಂಕಿಗಳ ಮೇಲ್ಗಡೆ ನಡುಮಧ್ಯದಲ್ಲಿ ಕಡಲೆಕಾಳಿನಷ್ಟು ಒಂದು ತೂತು ಇತ್ತು. ಆ ತೂತಿನ ಒಳಗೆ ಟ್ರಿಮ್ಮರ್ ಎಂಬ ಪುಟ್ಟ ತಿರುಪು. ಕೌಂಟರಿನ ಒಳಗೆ ಗಡಿಯಾರದಂತೆ ಸೆಕೆಂಡು ಅಳೆಯುವ ಹರಳೊಂದಿದೆ, ಅದು ತನ್ನ ಸೆಕೆಂಡನ್ನು ಒಂದು ಕೂದಲೆಳೆ ಉದ್ದ ಮಾಡಿದರೆ ಎಣಿಕೆ ಜಾಸ್ತಿ ಬರುತ್ತದೆ, ಗಿಡ್ಡ ಮಾಡಿದರೆ ಕಮ್ಮಿ. ಸರಿ ಮಾಡುವುದಕ್ಕೆ ಆ ತಿರುಪು. ಅಪ್ಪ ಬಿಳಿ ಬಟ್ಟೆಯ ತುದಿ ಹೊಸೆದು ತೂತಿನೊಳಗೆ ಆಡಿಸಿ ತೆಗೆದರು. ಬಟ್ಟೆ ಕೆಂಪಾಗಿತ್ತು, ಕೆಂಪಿನ ಸುತ್ತ ಹಳದಿ.

ಆಯುಧಪೂಜೆಯ ದಿನ ಏನಾಗಿತ್ತೆಂದು ನಮಗೆಲ್ಲ ಗೊತ್ತಿತ್ತು. ಕುಡುಗೋಲು, ಒರಳು, ಸೈಕಲ್ಲು, ಇಸ್ತ್ರಿಪೆಟ್ಟಿಗೆ, ಅಪ್ಪ ಕಂಬ ಹತ್ತುತ್ತಿದ್ದಾಗಿನ ಕಟಿಂಗ್ ಪ್ಲೇಯರು, ಎಲ್ಲಕ್ಕೂ ಅವ್ವ ಅರಿಸಿನ ಕುಂಕುಮ ಇಟ್ಟುಕೊಂಡು ಬಂದು ಕೊನೆಗೆ ಕೌಂಟರಿನ ಮುಂದೆ ಕೂತಿದ್ದಳು. ಮನೆಯಲ್ಲಿ ಗಂಡನಿಗೆ ಅನ್ನದಷ್ಟೇ ಬೇಕಾದ ವಸ್ತು ಅದು. ಹಾಗಾಗಿ ಅದಕ್ಕೆ ಸುಮ್ಮನೆ ಒಂದು ಬೊಟ್ಟು ಸಾಲದು ಎನಿಸಿರಬೇಕು. ಅಂಕಿಗಳು ಎರಡು ಕಣ್ಣಿನಂತೆ ಕೆಳಗೆ, ಮೇಲೆ ಹಣೆಯ ನಡುವೆ ಬೊಟ್ಟಿಗೆಂದೇ ಮಾಡಿದಂತೆ ಆ ತೂತು. ಅವ್ವ ನೀರಲ್ಲಿ ಕಲಸಿದ ಅರಿಸಿನವನ್ನು ಅಲ್ಲಿಗೇ ಧಾರಾಳವಾಗಿ ಒತ್ತಿ, ಅದರ ಮೇಲೆ ಕುಂಕುಮ ಒತ್ತಿ, ಊದುಬತ್ತಿ ಬೆಳಗಿದ್ದಳು. ಅರಿಸಿನದ ನೀರು ಒಳಗೆ ಇಳಿದು ತಿರುಪಿನ ಸಂದಿಯಲ್ಲಿ ಕೂತು, ಕೌಂಟರಿನ ಸೆಕೆಂಡನ್ನು ಉದ್ದ ಮಾಡಿತ್ತು. ಎಣಿಕೆ ಜಾಸ್ತಿ ತೋರಿಸುತ್ತಿತ್ತು. ಅದನ್ನು ನಂಬಿ ಅಪ್ಪ ಬದುವಿನ ಆಚೆ ಉಳುತ್ತಿದ್ದರು.

ಅಪ್ಪ ಬಟ್ಟೆಯನ್ನು ಅಂಗೈಯಲ್ಲಿ ಮುದುರಿಕೊಂಡರು.

"ಏನೂ ಇಲ್ಲ ಕಣಯ್ಯ ಸದಾಶಿವ. ಹರಳಿಗೆ ವಯಸ್ಸಾಯ್ತು. ಹಂಗಾಗಿ ಲೆಕ್ಕ ಜಾರ್ತಾ ಅದೆ."

ಸದಾಶಿವ ಮಾಮ ಅಂಗೈಯನ್ನೂ ನೋಡಿದರು, ಅಪ್ಪನ ಮುಖವನ್ನೂ ನೋಡಿದರು. "ಆಗ್ತದೆ, ಆಗ್ತದೆ. ಹರಳಿಗೂ ವಯಸ್ಸಾಯ್ತದೆ" ಎಂದರು. ಇಬ್ಬರು ಗಂಡಸರು ಸೇರಿ ಒಬ್ಬ ಹೆಂಗಸಿನ ಮನಸ್ಸು ಕಾಯಲು ಆಡಿದ ಆ ಸುಳ್ಳು ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಅಜ್ಜಿಯ ಬಾಯಿ ಅಂಥದ್ದಲ್ಲ.

"ಅರಳಿಗ್ಯಾಕ್ಲಾ ವಯಸ್ಸಾದದು? ನಿನ್ನೆಡ್ತಿ ಇಟ್ಟ ಕುಂಕ್ಮ ಕಣ್ಲಾ ಅದು. ಮದ್ವೇಲಿ ನಿನ್ ಅಣೆಗೂ ಅಷ್ಟೊಂದ್ ಇಡ್ನಿಲ್ಲ ಅವ್ಳು."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವ್ವ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಪ್ಪನ ಮುಚ್ಚಿದ ಮುಷ್ಟಿಯ ಸಂದಿಯಲ್ಲಿ ಕೆಂಪು ಕಾಣುತ್ತಿತ್ತು.

"ನನ್ನಿಂದಾನಾ?"

"ನಿನ್ನಿಂದ ಏನಿಲ್ಲ ಬುಡು. ತೂತು ಅಲ್ಲಿ ಕೊರೆದೋನು ನಾನು. ಹಣೆ ಹಂಗೆ ಕಾಣೋ ಜಾಗದಲ್ಲಿ ಕೊರೆದ್ರೆ ಯಾರಾದ್ರೂ ಬೊಟ್ಟಿಡ್ತಾರೆ."

ನಾನು ಅಪ್ಪನನ್ನು ಮೆಚ್ಚಿಕೊಂಡ ಸಂಗತಿಗಳನ್ನು ಎಣಿಸಲು ಕೂತರೆ ಇದೇ ಮೊದಲು ಬರುತ್ತದೆ. ಬೇರೆ ಮನೆಯಾಗಿದ್ದರೆ ಕೌಂಟರೂ ಹಾರುತ್ತಿತ್ತು, ಕುಂಕುಮದ ಬಟ್ಟಲೂ ಹಾರುತ್ತಿತ್ತು. ಆದರೆ ಅವ್ವನಿಗೆ ಆ ಸಮಾಧಾನ ಹಿಡಿಸಲಿಲ್ಲ. ಆ ದಿನ ಬಸ್ಸಾರು ಎಲ್ಲರಿಗೂ ಬಡಿಸಿದಳು, ತಾನು ಮುದ್ದೆ ಮುರಿಯಲಿಲ್ಲ. ಸಂಜೆ ದೇವರ ಮೂಲೆಯಲ್ಲಿ ಮುತ್ತತ್ತಿ ಆಂಜನೇಯನ ಪಟದ ಸುತ್ತ ಹಬ್ಬದಲ್ಲಿ ಕಟ್ಟಿದ್ದ ಸೀರಿಯಲ್ ಸೆಟ್ಟಿನ ಪ್ಲಗ್ಗು ಹಾಕಿದಳು. ಹಸಿರು ಕೆಂಪು ಬಲ್ಬುಗಳು ಹತ್ತಿ ಆರಿ, ಹತ್ತಿ ಆರಿ ಮಾಡುವುದಕ್ಕೆ ಶುರುವಾದವು. ಕೈ ಮುಗಿದು ಅವಳು ಹೇಳಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ತಪ್ಪು ನನ್ ಕೈದು ಸ್ವಾಮಿ. ದಂಡ ಅವ್ರಿಗ್ ಹಾಕ್ಬೇಡ. ಅವ್ರ ಲೈಸನ್ಸು ಉಳುಸ್ಕೊಡು. ಒಂದು ಮಂಡಲ ಈ ದೀಪವ ನನ್ ಕೈಯಾರೆ ಆರುಸಾಕಿಲ್ಲ."

ಕರೆಂಟು ಹೋದರೆ ಅದು ಕರೆಂಟಿನವರ ತಪ್ಪು, ಹರಕೆಗೆ ಬಾಧೆಯಿಲ್ಲ. ತನ್ನ ಕೈಯಾರೆ ಆರಿಸಬಾರದು, ಅಷ್ಟೇ. ಅವ್ವನ ಹರಕೆಗಳು ಹೀಗೇ, ನೇರವಾಗಿ, ಸಂದುಗೊಂದಿಲ್ಲದೆ ಇರುತ್ತಿದ್ದವು.

ಆ ವಾರ ಮನೆ ಮನೆಯಂತಿರಲಿಲ್ಲ. ಅಪ್ಪ ತಿರುಪನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದ್ದರು. ಆದರೆ ತೊಳೆದ ಮಾತ್ರಕ್ಕೆ ಸೆಕೆಂಡು ಸರಿಯಾದಂತಲ್ಲ. ಮತ್ತೆ ಹೊಂದಿಸಬೇಕು, ಹೊಂದಿಸಲು ನಂಬಬಹುದಾದ ಇನ್ನೊಂದು ಸೆಕೆಂಡು ಬೇಕು. ಅದು ದಿಲ್ಲಿಯಿಂದ ಬರುತ್ತಿತ್ತು. ದೇಶಕ್ಕೆಲ್ಲ ಸರಿಯಾದ ಸಮಯ ಸಾರುವ ಒಂದು ಸ್ಟೇಷನ್ನು ಅಲ್ಲಿತ್ತು, ದಿನವಿಡೀ ಟಿಕ್ ಟಿಕ್ ಎಂದು ಸೆಕೆಂಡು ಒಪ್ಪಿಸುತ್ತಿತ್ತು. ಆ ಅಲೆಯೂ ಕೌಂಟರಿನ ಹರಳಿನ ಅಲೆಯೂ ರೇಡಿಯೋದಲ್ಲಿ ಒಟ್ಟಿಗೆ ಕೇಳುವಂತೆ ಮಾಡಿದರೆ, ಎರಡಕ್ಕೂ ವ್ಯತ್ಯಾಸ ಇದ್ದಷ್ಟು ಹೊತ್ತು ಸದ್ದು ಏರುತ್ತಾ ಇಳಿಯುತ್ತಾ ಇರುತ್ತದೆ. ಎರಡೂ ಒಂದಾದರೆ ಆ ಏರಿಳಿತ ನಿಲ್ಲುತ್ತದೆ. ಆಕಾಶದಲ್ಲಿ ಅಲೆಯ ದಾರಿ ಹೊಯ್ದಾಡದೆ ಇರುವ ನಡು ಮಧ್ಯಾಹ್ನವೇ ಅದಕ್ಕೆ ಒಳ್ಳೆಯ ಹೊತ್ತು. ಆದರೆ ದಿಲ್ಲಿ ನಮಗೆ ತೀರಾ ದೂರ, ಸದ್ದು ಸೊಳ್ಳೆಯಷ್ಟು. ಮಿಕ್ಸಿ, ಮೋಟರು, ಹೊಲಿಗೆ ಯಂತ್ರ ಯಾವುದು ತಿರುಗಿದರೂ ಕರಕರ ಎಂದು ಅದನ್ನು ನುಂಗಿಬಿಡುತ್ತಿತ್ತು. ಮುಂದಿನ ಭಾನುವಾರ ಸದಾಶಿವ ಮಾಮ ಬೆಳಿಗ್ಗೆಯೇ ಬಂದು ಇದಕ್ಕೊಂದು ದಾರಿ ಹೇಳಿದರು.

"ನೀನು ಕರೆಂಟ್ ಆಫೀಸಿನೋನು. ನಿನ್ನ ಸೆಟ್ಟು ಬ್ಯಾಟರಿ ಮೇಲೆ ನಡೀತದೆ. ಒಂದು ಫೋನ್ ಮಾಡಿ ಅರ್ಧ ಗಂಟೆ ಈ ಕಡೆ ಲೈನ್ ತೆಗೆಸು. ಇಡೀ ಬೀದಿ ತಣ್ಣಗಾಯ್ತದೆ."

"ಅದೊಂದ್ ಬೇಡ. ಆ ಲೈನಲ್ಲೇ ಆಸ್ಪತ್ರೆ ಅದೆ. ನನ್ನ ಪೆಟ್ಟಿಗೆಗೆ ಇನ್ನೊಬ್ರ ಮನೆ ಕತ್ತಲೆ ಮಾಡಾಕಿಲ್ಲ ನಾನು."

"ಲೈಸೆನ್ಸು ಹೋಯ್ತದೆ ಕಣಯ್ಯ."

"ಹೋಗ್ಲಿ ಬುಡು. ಕಂಬದ ಮೇಲಿಂದ ಬಿದ್ದಾಗ್ಲೇ ಜೀವವೇ ಹೋಗ್ಬೇಕಾಗಿತ್ತು, ಇಲ್ಲೀಗಂಟ ಬಂದಿದೀನಿ."

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಾ ಜಯ" ಎಂದು ನನ್ನನ್ನು ಕರೆದುಕೊಂಡು ಬೀದಿಗೆ ಇಳಿದಳು. ಸಾಮಾನ್ಯವಾಗಿ ಯಾರ ಮನೆಗೂ ಏನೂ ಕೇಳಿಕೊಂಡು ಹೋಗದ ಹೆಂಗಸು. ಒಂದು ಲೋಟ ಸಕ್ಕರೆ ಸಾಲ ತರುವುದಕ್ಕೂ ನಾಚುತ್ತಿದ್ದಳು. ಆ ದಿನ ಪ್ರತಿ ಬಾಗಿಲಲ್ಲೂ ನಿಂತು, ಮಧ್ಯಾಹ್ನ ಅರ್ಧ ಗಂಟೆ ಏನೂ ತಿರುಗಿಸಬೇಡಿ ಎಂದು ಕೇಳಿದಳು. ಪಕ್ಕದ ಮನೆಯ ಪುಟ್ಟಮ್ಮನಿಗೆ ಆಗಷ್ಟೇ ಮಿಕ್ಸಿ ಬಂದಿತ್ತು, ಅದನ್ನು ಬೀದಿಗೆಲ್ಲ ಕೇಳಿಸದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಏನಮ್ಮಿ, ನಿನ್ ಗಂಡ ಟಕಟಕ ಅನ್ಸಕ್ಕೆ ನಾವು ಚಟ್ನಿ ರುಬ್ದೆ ಕೂರ್ಬೇಕಾ?"

"ಅರ್ಧ ಗಂಟೆ ಕಣಕ್ಕ. ನಿಮ್ ಚಟ್ನಿಯ ನಾನೇ ಒರಳಲ್ಲಿ ರುಬ್ಕೊಡ್ತೀನಿ."

"ಒರಳ್ ಚಟ್ನಿಯಾ? ಅಂಗಾರೆ ದಿನಾ ನಿಲ್ಲುಸ್ತೀನಿ ಬುಡು, ದಿನಾ ರುಬ್ಕೊಡು."

ಮೂಲೆಯ ಹಿಟ್ಟಿನ ಗಿರಣಿಯವನು ಭಾನುವಾರದ ಗಿರಾಕಿಗಳನ್ನು ತೋರಿಸಿ ಮೊದಲು ಆಗುವುದಿಲ್ಲ ಎಂದ. ಆಮೇಲೆ ಯಾರ ಮನೆಯವರು ಎಂದು ವಿಚಾರಿಸಿದ. ಹೇಳಿದ ಮೇಲೆ, "ನಮ್ ಗಿರಣಿಗೆ ಮೊದ್ಲು ಲೈನ್ ಎಳ್ದೋರೇ ಅವ್ರು, ಹೋಗವ್ವ, ನಿಲ್ಲುಸ್ತೀನಿ" ಎಂದು ಗಿರಾಕಿಗಳ ಕಡೆ ತಿರುಗಿ ಕೂಗಿ ಹೇಳಿದ. ಅವ್ವ ಬೀದಿಯಲ್ಲೇ ನಿಂತು ಕಣ್ಣು ಒರೆಸಿಕೊಂಡಳು. ಮನೆಗೆ ಬರುವಾಗ ಅವಳ ಹೆಜ್ಜೆ ಹಗುರವಾಗಿತ್ತು.

ಅಪ್ಪ ಅಷ್ಟರಲ್ಲಿ ಕೌಂಟರನ್ನು ಬ್ಯಾಟರಿಗೆ ಸಿಕ್ಕಿಸಿ ಕಾಯಲು ಬಿಟ್ಟಿದ್ದರು. ಕಾವಲಿ ಹದವಾಗಿ ಕಾಯದೆ ದೋಸೆ ಹುಯ್ಯಬಾರದಲ್ಲ, ಆ ಹರಳೂ ಹಾಗೇ, ಬೆಚ್ಚಗಾಗಿ ಒಂದು ಹದಕ್ಕೆ ನಿಂತ ಮೇಲೆಯೇ ಮುಟ್ಟಬೇಕು. ತಿರುಪು ತಿರುಗಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಆಗದು. ಲೋಹ ಹತ್ತಿರ ಬಂದರೇ ಹರಳು ಬೆದರುತ್ತದೆ, ಕೈ ತೆಗೆದ ಮೇಲೆ ಲೆಕ್ಕ ಬೇರೆಯಾಗುತ್ತದೆ. ಅದಕ್ಕೆ ಅವ್ವನ ಹಳೇ ಮೊರದಿಂದ ಒಂದು ಬಿದಿರಿನ ಸೀಳು ಎಳೆದು, ತುದಿಯನ್ನು ಬ್ಲೇಡಿನಲ್ಲಿ ಚಪ್ಪಟೆಯಾಗಿ ಹೆರೆದು ಇಟ್ಟುಕೊಂಡಿದ್ದರು. ಹೊತ್ತು ನೆತ್ತಿಗೆ ಬಂತು. ಬೀದಿಯಲ್ಲಿ ಒಂದೊಂದಾಗಿ ಸದ್ದು ನಿಂತಿತು. ಗಿರಣಿ ನಿಂತಾಗ ಕಿವಿಯಲ್ಲಿದ್ದ ಹತ್ತಿ ತೆಗೆದಂತಾಯಿತು. ಪುಟ್ಟಮ್ಮ, ಎದುರುಮನೆಯವರು ಎಲ್ಲ ಕುತೂಹಲಕ್ಕೆ ನಮ್ಮ ಜಗಲಿಯ ಹತ್ತಿರವೇ ಬಂದು ಕೂತಿದ್ದರು. ಅಪ್ಪ ರೇಡಿಯೋದ ಗುಂಡಿ ತಿರುಗಿಸಿದರು.

ದಿಲ್ಲಿ ಬಂತು. ಮಳೆ ಸುರಿಯುವಂಥ ಸದ್ದಿನ ತಳದಲ್ಲಿ ಟಿಕ್, ಟಿಕ್. ಜೊತೆಗೇ ಇನ್ನೊಂದು ಸದ್ದೂ ಬಂತು. ಚಟ್. ಸ್ವಲ್ಪ ಬಿಟ್ಟು ಮತ್ತೆ ಚಟ್. ಒಂದೊಂದು ಚಟ್ಟಿಗೂ ದಿಲ್ಲಿ ಮುಳುಗಿ ಏಳುತ್ತಿತ್ತು.

"ಏನಯ್ಯ ಅದು? ಯಾರೋ ಏನೋ ಹಾಕವ್ರೆ ಇನ್ನೂ" ಎಂದರು ಸದಾಶಿವ ಮಾಮ.

ಅಪ್ಪ ಗೋಡೆಯ ಕಡೆ ಒಂದು ಸಲ ನೋಡಿದರು. ಅವರಿಗೆ ತಕ್ಷಣ ಗೊತ್ತಾಗಿತ್ತು.

"ಯಾರ್ದೋ ಮನೇದು. ಇರ್ಲಿ ಬುಡು, ಇದರಲ್ಲೇ ಆಗೋಷ್ಟು ಮಾಡ್ತೀನಿ."

ಬಿದಿರು ಕಡ್ಡಿ ತೂತಿಗೆ ಇಳಿಸಿದರು. ಸದ್ದು ಏರಿತು, ಇಳಿಯಿತು, ಚಟ್ ಎಂದಿತು, ಎಲ್ಲಿತ್ತು ಎಂಬುದೇ ತಪ್ಪಿತು. ಮತ್ತೆ ಮೊದಲಿನಿಂದ. ಮತ್ತೆ ಚಟ್. ಅಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ಆ ಸದ್ದನ್ನು ಕೇಳುವುದು, ಒಮ್ಮೆ ದೇವರ ಮೂಲೆಯ ಕಡೆ ಕತ್ತು ಚಾಚಿ ನೋಡುವುದು ಮಾಡುತ್ತಿದ್ದಳು. ಅಲ್ಲಿ ಬಲ್ಬು ಹತ್ತಿದಾಗಲೆಲ್ಲ ಇಲ್ಲಿ ಚಟ್ ಎನ್ನುತ್ತಿತ್ತು. ಅವಳ ಮುಖ ಇಳಿದುಹೋಯಿತು. ಹರಕೆಯ ವಿಷಯ ಅಜ್ಜಿಗೂ ಗೊತ್ತಿತ್ತು. ಅವಳು ಗೋಡೆ ಹಿಡಿದು ಎದ್ದಳು.

"ಕೈಯಾರೆ ಆರುಸ್ಬಾರ್ದು ಅಂದದ್ದು ನೀನಲ್ವಾ? ನಾನೇನೂ ಅನ್ನಿಲ್ಲ. ನಾನ್ ಓಗ್ ಕೀಳ್ತೀನಿ ಬುಡಮ್ಮಿ ಆ ಪ್ಲಗ್ಗ."

ಎಲ್ಲರಿಗೂ ಅದು ಸರಿಯೆನಿಸಿತು. ಪುಟ್ಟಮ್ಮ ಜಗಲಿಯಿಂದಲೇ ತಲೆಯಾಡಿಸಿದಳು. ಅವ್ವ ಮಾತ್ರ ಅಜ್ಜಿಯ ರಟ್ಟೆ ಹಿಡಿದು ನಿಲ್ಲಿಸಿದಳು.

"ಬೇಡಿ ಅತ್ತೆ. ದೇವ್ರ ತಾವ ಕಳ್ಳಾಟ ಬೇಡ. ಕೆಡ್ಸಿದ್ದು ನನ್ ಕೈ. ಆರ್ಸೋದೂ ನನ್ ಕೈಯೇ ಆಗ್ಲಿ. ಅವನ್ಗೆ ನಾನ್ ಯೋಳ್ಕತ್ತೀನಿ."

"ನೀನು ಆರಿಸ್ಬೇಡ" ಎಂದರು ಅಪ್ಪ, ಕಡ್ಡಿಯಿಂದ ಕಣ್ಣು ತೆಗೆಯದೆ. "ಹರಕೆ ಅದು."

"ಅವರ ಲೈಸನ್ಸು ಉಳಿಸಪ್ಪಾ ಅಂತ ಹತ್ಸಿದ್ ದೀಪ ಅದು. ಅದೇ ಅಡ್ಡ ಬಂದ್ರೆ ಆಂಜನೇಯನೇ ಊದಿ ಆರುಸ್ತಿದ್ದ. ಅವನ್ಗೆ ಕೈ ತೆರಪಿಲ್ಲ ಅಷ್ಟೇಯ."

ಅವಳು ಹೋದಳು. ನಾನೂ ಹಿಂದೆ ಹೋದೆ. ಪ್ಲಗ್ಗಿನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. ನಮ್ಮ ಅವ್ವ ಮಾತು ಕೊಟ್ಟು ತಪ್ಪಿದವಳಲ್ಲ, ಮನುಷ್ಯರಿಗೂ ತಪ್ಪಿದವಳಲ್ಲ. ಪ್ಲಗ್ಗು ಕಿತ್ತಳು. ಬಲ್ಬುಗಳು ಆರಿದವು. ಪಟದ ಮುಂದೆ ಹಣತೆಗೆ ಎಣ್ಣೆ ಬಿಟ್ಟು ಹಚ್ಚಿ, ಅರಿಸಿನದ ಬಟ್ಟೆಯಲ್ಲಿ ಒಂದು ರೂಪಾಯಿ ತಪ್ಪುಗಾಣಿಕೆ ಗಂಟು ಕಟ್ಟಿ ಅಲ್ಲೇ ಇಟ್ಟು, ಕಣ್ಣಿಗೆ ಒತ್ತಿಕೊಂಡಳು.

ಗೋಡೆಯ ಈಚೆಗೆ ಬಂದಾಗ ದಿಲ್ಲಿ ಸ್ವಚ್ಛವಾಗಿ ಕೇಳುತ್ತಿತ್ತು. ಅದರ ಜೊತೆಗೆ ಆ ಏರಿಳಿತ, ಊಂ, ಊಂ ಎಂದು, ಕರು ದೂರದಲ್ಲಿ ಕೂಗಿದಂತೆ. ಅಪ್ಪ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಕೈ ತೆಗೆದು ಕಾಯುವುದು. ಮತ್ತೆ ಕೂದಲೆಳೆ, ಮತ್ತೆ ಕಾಯುವುದು. ಏರಿಳಿತ ನಿಧಾನವಾಯಿತು. ಮಲಗಿದವರ ಉಸಿರಿನಷ್ಟಾಯಿತು. ಇನ್ನೂ ನಿಧಾನವಾಯಿತು. ಒಂದು ಸಲ ಏರಿದ್ದು ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ಜಗಲಿಯಲ್ಲಿದ್ದ ಹೆಂಗಸರೂ ಉಸಿರು ಹಿಡಿದು ಕೂತಿದ್ದರು. ಕೊನೆಗೆ ಅದು ಏರಲೂ ಇಲ್ಲ, ಇಳಿಯಲೂ ಇಲ್ಲ. ದಿಲ್ಲಿಯ ಟಿಕ್ ಮಾತ್ರ ಉಳಿಯಿತು. ಅಪ್ಪ ಕಡ್ಡಿಯನ್ನು ಮೆಲ್ಲಗೆ ಹೊರಗೆಳೆದು ಮೇಜಿನ ಮೇಲೆ ಇಟ್ಟರು.

"ಆಯ್ತೇನ್ಲಾ?" ಎಂದಳು ಅಜ್ಜಿ.

"ಆಯ್ತು ಕಣವ್ವ."

"ಇಷ್ಟಕ್ಕಾ ನನ್ ಮಿಕ್ಸಿ ನಿಲ್ಸಿದ್ದು?" ಎಂದು ಪುಟ್ಟಮ್ಮ ಎದ್ದಳು. "ನಾನೇನೋ ಅದ್ರೊಳಗಿಂದ ದಿಲ್ಲಿಯೋರ್ ಮಾತಾಡ್ತಾರೆ ಅಂದ್ಕೊಂಡಿದ್ದೆ."

ಸಂಜೆ ಅಪ್ಪ ತೂತಿಗೆ ಒಂದು ಹಿತ್ತಾಳೆಯ ಬಿಲ್ಲೆ ಮುಚ್ಚಿದರು. ಪೆಟ್ಟಿಗೆಯ ನೆತ್ತಿಯ ಮೇಲೆ, ಏನೂ ಕೆಡದ ಜಾಗದಲ್ಲಿ, ಕೆಂಪು ಬಣ್ಣದಲ್ಲಿ ಒಂದು ಗುಂಡನೆಯ ಬೊಟ್ಟು ಬರೆದು ಅವ್ವನನ್ನು ಕರೆದು ತೋರಿಸಿದರು. "ಬರೋ ವರ್ಷ ಇಲ್ಲಿಡು, ಎಷ್ಟ್ ಬೇಕಾದ್ರೂ ಇಡು." ಬೇರೆಯವರಾಗಿದ್ದರೆ ನನ್ನ ಸಾಮಾನು ಮುಟ್ಟಬೇಡ ಎನ್ನುತ್ತಿದ್ದರು. ಅಪ್ಪ ಪೂಜೆಗೆ ಜಾಗ ಬಿಟ್ಟುಕೊಟ್ಟರು. ಅವ್ವ ಮರುದಿನದಿಂದ ಮತ್ತೆ ಮೊದಲಿನಿಂದ ಮಂಡಲ ಹಿಡಿದಳು, ಈ ಸಲ ಎಣ್ಣೆಯ ದೀಪದಲ್ಲಿ. ಒಪ್ಪಿಸಿದ ಮೇಲೆ ಮುತ್ತತ್ತಿಗೆ ಹೋಗಿ ತಪ್ಪುಗಾಣಿಕೆ ಹಾಕಿ ಬಂದಳು. ನಾನು ಭಕ್ತಿಯನ್ನು ಕಲಿತದ್ದು ಇವರಿಬ್ಬರಿಂದ. ದೇವರಿಗೆ ಮಾತು ಕೊಡಬೇಕು, ಆ ಮಾತಿಗಿಂತ ಮನುಷ್ಯ ದೊಡ್ಡವನು ಎನಿಸಿದ ದಿನ ದೇವರ ಮುಂದೆಯೇ ನಿಂತು ಅದನ್ನು ಹೇಳಬೇಕು. ಬೆನ್ನ ಹಿಂದೆ ಪ್ಲಗ್ಗು ಕೀಳಿಸಬಾರದು.

ಕೌಂಟರು ಸರಿಯಾದ ವಾರದಲ್ಲೇ ಇಲಾಖೆಯವರು ಬಂದರು. ಸಣ್ಣ ವಯಸ್ಸಿನ ಅಧಿಕಾರಿ, ಜೀಪಿನಿಂದ ತಮ್ಮದೇ ಪೆಟ್ಟಿಗೆಯೊಂದನ್ನು ಇಳಿಸಿ ಅಪ್ಪನ ಕೌಂಟರಿನ ಪಕ್ಕದಲ್ಲಿಟ್ಟರು. ಹಬ್ಬದ ನಂತರ ಬದು ದಾಟಿದ್ದು ಹೌದು, ಏಕೆಂದು ತಿಳಿದು ಸರಿ ಮಾಡಿದ್ದೇನೆ ಎಂದು ಅವರು ಕೇಳುವ ಮೊದಲೇ ಅಪ್ಪ ಹೇಳಿಬಿಟ್ಟರು. ಬಾಗಿಲ ಹಿಂದೆ ನಿಂತಿದ್ದ ಅವ್ವ ನನ್ನ ರಟ್ಟೆ ಹಿಡಿದಳು. ಅಧಿಕಾರಿ ತಮ್ಮ ಪೆಟ್ಟಿಗೆಯ ಗುಂಡಿ ತಿರುಗಿಸಿದರು. "ಕೀ ಒತ್ತಿ" ಎಂದರು. ಅಪ್ಪ ಒತ್ತಿದರು. ಎರಡು ಪೆಟ್ಟಿಗೆಗಳ ಮೇಲೂ ಅಂಕಿ ಮೂಡಿತು. ಅವರು ಬಗ್ಗಿ ಇದನ್ನು ನೋಡಿದರು, ಅದನ್ನು ನೋಡಿದರು, ಮತ್ತೆ ಒತ್ತಿಸಿದರು. ಕೊನೆಯ ಅಂಕಿಯವರೆಗೂ ಎರಡೂ ಒಂದೇ.

"ಯಾರು ಸೆಟ್ ಮಾಡಿಕೊಟ್ಟರು ಇದನ್ನ?"

"ಮನೇಲಿ, ಬೀದೀಲಿ, ಎಲ್ಲ ಸೇರಿ ಮಾಡಿದ್ವಿ ಸ್ವಾಮಿ" ಎಂದರು ಅಪ್ಪ.

ಅಧಿಕಾರಿಗೆ ಅದು ಅರ್ಥವಾಯಿತೋ ಇಲ್ಲವೋ. ಬದುವಿನಿಂದ ಒಂದು ಗೇಣು ಈಚೆಗೇ ಇರಿ ಎಂದು ಎಚ್ಚರಿಕೆ ಹೇಳಿ, ಕಾಗದಕ್ಕೆ ಸಹಿ ಹಾಕಿ, ಮಜ್ಜಿಗೆ ಕುಡಿದು ಹೊರಟರು. ಜೀಪಿನ ಸದ್ದು ಬೀದಿ ತಿರುಗಿತು. ಆಮೇಲೆ ಅಪ್ಪ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೀ ಮೇಲೆ ಬೆರಳಿಟ್ಟರು. ಕಟ್ಟ ಕಡ, ಕಟ್ಟ ಕಡ. ಒಂದು ಗಳಿಗೆ ಬಿಟ್ಟು ಎಲ್ಲಿಂದಲೋ ಯಾರೋ ಉತ್ತರ ಕೊಟ್ಟರು.

"ಏನಂತಂತೆ?" ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು.

"ಎಲ್ಲೋಗಿದ್ರಿ ಇಷ್ಟ್ ದಿನ ಅಂತ ಕೇಳ್ತಾವ್ರೆ."

ಅವ್ವ ಒಲೆಯ ಕಡೆ ತಿರುಗಿದಳು. ಅವಳ ಮುಖ ನನಗೆ ಕಾಣಲಿಲ್ಲ.

"ಎಸರು ಮರಳ್ತಾ ಅದೆ ಜಯ. ಇಟ್ಟು ತತ್ತಾ."

ನಾನು ಡಬ್ಬದ ಮುಚ್ಚಳ ತೆಗೆದು ಎರಡು ಬೊಗಸೆ ರಾಗಿಹಿಟ್ಟು ಅಳೆದೆ. ಅವಳು ಕೋಲು ಕೈಗೆ ತೆಗೆದುಕೊಂಡು ಮುದ್ದೆ ತೊಳಸಲು ಕೂತಳು, ನಾನು ಪಾತ್ರೆ ಅಲ್ಲಾಡದಂತೆ ಹಿಡಿದುಕೊಂಡೆ.